ಕಾಡು ಬೆಳ್ಳುಳ್ಳಿ ಸೊಪ್ಪು ಕೊಯ್ಯುವಾಗ ಮೂಗನ್ನು ಎಷ್ಟು ನಂಬಬಹುದು?

ಏಪ್ರಿಲ್‌ನ ಒಂದು ಸಂಜೆ ತಂಗಿಯ ಮಗಳು ವಿಡಿಯೋ ಕಾಲ್ ಮಾಡಿದಳು. ಇಂಗ್ಲೆಂಡಿನಲ್ಲಿ ನರ್ಸ್ ಅವಳು. ಅಡಿಗೆಮನೆಯ ಸಿಂಕ್ ತುಂಬ ಹಸಿರು ಸೊಪ್ಪು ಹಾಕಿಕೊಂಡು ನಿಂತಿದ್ದಳು. "ದೊಡ್ಡಮ್ಮ, ಇದು ತಂಬುಳಿಗೆ ಆಗ್ತದಾ?" ಅಂತ ಕೇಳಿದಳು. ಬೆಳ್ಳುಳ್ಳಿ ಸೊಪ್ಪಂತೆ, ಮನೆ ಹತ್ತಿರದ ಕಾಡಿನಲ್ಲಿ ಚಾಪೆ ಹಾಸಿದ ಹಾಗೆ ಬೆಳೆದಿದೆಯಂತೆ, ಜೊತೆಗೆ ಕೆಲಸ ಮಾಡುವವರೆಲ್ಲ ಚೀಲ ತುಂಬ ತರುತ್ತಾರಂತೆ.

ಆ ದೇಶದ ಗಿಡ ನನಗೆ ಗೊತ್ತಿಲ್ಲ. ಆದರೆ ಸೊಪ್ಪು ಆರಿಸುವ ಅಭ್ಯಾಸ ಗೊತ್ತು. "ಒಂದೊಂದೇ ಎಲೆ ಎತ್ತಿ ತೋರಿಸು" ಅಂದೆ. ನಗುತ್ತಾ ತೋರಿಸಿದಳು. ಏಳೆಂಟು ಎಲೆ ಒಂದೇ ತರ ಇತ್ತು, ಬಿದಿರೆಲೆಯ ಹಾಗೆ ಬುಡದಿಂದ ತುದಿಗೆ ಉದ್ದುದ್ದ ಗೆರೆ. ಆಮೇಲೆ ಬಂದ ಒಂದು ಎಲೆಯ ನರಗಳು ಬಲೆಯ ಹಾಗೆ ಹೆಣೆದುಕೊಂಡಿದ್ದವು, ಅಂಚಿನ ಒಳಗೆ ಸುತ್ತಲೂ ಒಂದು ಗೆರೆ ಓಡುತ್ತಿತ್ತು. ನನಗೆ ಅದು ಕೆಸುವಿನ ಮರಿ ಎಲೆಯ ಹಾಗೇ ಕಂಡಿತು. "ಇದು ಬೇರೆ, ವಾಸನೆ ನೋಡು" ಅಂದೆ. ಮೂಸಿ ನೋಡಿ, "ಬೆಳ್ಳುಳ್ಳಿ ವಾಸನೆಯೇ ಬರ್ತದೆ ದೊಡ್ಡಮ್ಮ" ಅಂದಳು.

ಬರದೆ ಏನು? ಸಿಂಕ್ ಪೂರ್ತಿ, ಅವಳ ಎರಡೂ ಕೈ, ಬಹುಶಃ ಇಡೀ ಅಡಿಗೆಮನೆಯೇ ಬೆಳ್ಳುಳ್ಳಿ ವಾಸನೆ ಹೊಡೆಯುತ್ತಿತ್ತು.

ಕಾಸರಗೋಡಿನ ಎಷ್ಟೋ ಮನೆಗಳ ಮಕ್ಕಳು ಈಗ ಇಂಗ್ಲೆಂಡ್, ಐರ್ಲೆಂಡ್, ಜರ್ಮನಿಗಳಲ್ಲಿದ್ದಾರೆ. ಈ ಸೊಪ್ಪಿನ ವಿಡಿಯೋ ನೋಡಿ ಇಲ್ಲಿಯೂ ಕೆಲವರು "ನಮ್ಮ ಗುಡ್ಡೆಯಲ್ಲಿ ಸಿಗ್ತದಾ" ಅಂತ ಕೇಳುತ್ತಿದ್ದಾರೆ. ಹಾಗಾಗಿ ಬುಡದಿಂದ ಹೇಳುತ್ತೇನೆ.

ಯಾವ ಗಿಡ ಇದು?

ಇಂಗ್ಲಿಷಿನವರು ವೈಲ್ಡ್ ಗಾರ್ಲಿಕ್ ಅಥವಾ ರಾಮ್ಸನ್ಸ್ ಅನ್ನುತ್ತಾರೆ. ಜರ್ಮನ್ನರಿಗೆ ಇದು ಬೇರ್‌ಲೌಖ್, ಅಂದರೆ ಕರಡಿಯ ಈರುಳ್ಳಿ ಅಂತ ಇಟ್ಟುಕೊಳ್ಳಿ. ಸಸ್ಯಶಾಸ್ತ್ರದ ಹೆಸರು ಆಲಿಯಂ ಅರ್ಸಿನಮ್. ಅದರಲ್ಲೂ ಕರಡಿಯೇ ಕೂತಿದೆ, ಲ್ಯಾಟಿನ್‌ನಲ್ಲಿ ಅರ್ಸಸ್ ಅಂದರೆ ಕರಡಿ. ಆಲಿಯಂ ಅಂದರೆ ನಮ್ಮ ಈರುಳ್ಳಿ, ಬೆಳ್ಳುಳ್ಳಿಗಳ ಕುಲ. ಹಾಗಾಗಿ ಬೆಳ್ಳುಳ್ಳಿಯ ಸ್ವಂತ ದಾಯಾದಿ. ಆದರೆ ಇದರ ಗೆಡ್ಡೆ ಸಪೂರ, ಎಸಳು ಬಿಡಿಸುವ ಹಾಗಿಲ್ಲ. ಜನ ತಿನ್ನುವುದು ಹೆಚ್ಚಾಗಿ ಎಲೆಯನ್ನು, ಜೊತೆಗೆ ಮೊಗ್ಗು ಮತ್ತು ಹೂವನ್ನು.

ಎಲೆ ನೋಡಲು ಅರಿಶಿನದ ಎಳೆ ಎಲೆಯನ್ನು ಸಣ್ಣದು ಮಾಡಿದ ಹಾಗೆ ಇರುತ್ತದೆ. ಮೆತ್ತಗೆ. ಮುಖ್ಯವಾದ ಗುರುತು ತೊಟ್ಟು: ಪ್ರತಿ ಎಲೆಗೂ ತನ್ನದೇ ತೊಟ್ಟು, ಅದು ನೆಲದಿಂದ ಒಂಟಿಯಾಗಿ ಎದ್ದು ಬರುತ್ತದೆ. ಎಲೆಯ ಅಡಿಭಾಗಕ್ಕೆ ಹೊಳಪಿಲ್ಲ. ಹೂ ಬಿಳಿ, ನಕ್ಷತ್ರದ ಹಾಗೆ ಆರು ಎಸಳು, ಒಂದು ದಂಟಿನ ತುದಿಯಲ್ಲಿ ಗೊಂಚಲು.

ಇದು ಬೆಳೆಯುವ ಕಾಲ ತಮಾಷೆಯಾಗಿದೆ. ಅಲ್ಲಿನ ಮರಗಳು ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾಗಿರುತ್ತವೆ. ಫೆಬ್ರವರಿ-ಮಾರ್ಚ್‌ನಲ್ಲಿ ಬಿಸಿಲು ನೆಲಕ್ಕೆ ಬೀಳುತ್ತದೆ. ಮರ ಮತ್ತೆ ಚಿಗುರಿ ನೆರಳು ಮಾಡುವ ಮುಂಚೆ ಈ ಗಿಡ ಎಲೆ ಬಿಟ್ಟು, ಏಪ್ರಿಲ್-ಮೇಯಲ್ಲಿ ಹೂ ಬಿಟ್ಟು, ಬೀಜ ಮಾಡಿ, ಇಡೀ ವರ್ಷಕ್ಕೆ ಬೇಕಾದ್ದನ್ನು ಗೆಡ್ಡೆಯಲ್ಲಿ ಕೂಡಿಟ್ಟು ಬೇಸಿಗೆಗೆ ಮಾಯ. ನಮ್ಮ ಪದವಿನ, ಅಂದರೆ ಕೆಂಪುಕಲ್ಲಿನ ಬಯಲಿನ ಮೇಲೆ ಮಳೆಗಾಲದ ಮೂರು ತಿಂಗಳಲ್ಲೇ ಹುಟ್ಟಿ ಹೂಬಿಟ್ಟು ಒಣಗುವ ಸಣ್ಣ ಗಿಡಗಳಿವೆಯಲ್ಲ, ಅದೇ ಅವಸರ ಇದಕ್ಕೂ. ಈ ಅವಸರ ನೆನಪಿಟ್ಟುಕೊಳ್ಳಿ, ಎಷ್ಟು ಕೊಯ್ಯಬಹುದು ಅನ್ನುವ ಪ್ರಶ್ನೆಗೆ ಮತ್ತೆ ಬೇಕಾಗುತ್ತದೆ.

ವಾಸನೆ ಯಾಕೆ ಕೈಕೊಡುತ್ತದೆ?

ಯಾರನ್ನು ಕೇಳಿದರೂ ಮೊದಲು ಹೇಳುವ ಮಾತು, "ಎಲೆ ಉಜ್ಜಿ ನೋಡು, ಬೆಳ್ಳುಳ್ಳಿ ವಾಸನೆ ಬಂದರೆ ಸರಿ." ಅರ್ಧ ಸತ್ಯ.

ಬೆಳ್ಳುಳ್ಳಿ ಜಾತಿಯ ಗಿಡಕ್ಕೆ ಪೆಟ್ಟಾಗುವವರೆಗೆ ಅಂಥಾ ವಾಸನೆ ಇರುವುದಿಲ್ಲ. ಅದರ ಕೋಶಗಳಲ್ಲಿ ಎರಡು ಪದಾರ್ಥ ಬೇರೆ ಬೇರೆ ಕೋಣೆಯಲ್ಲಿ ಇರುತ್ತವೆ. ಎಲೆ ಹರಿದಾಗ ನಡುವಿನ ಗೋಡೆ ಒಡೆದು ಎರಡೂ ಸೇರಿ ಗಂಧಕದ ಅಂಶವಿರುವ ಅಲಿಸಿನ್ ಹುಟ್ಟುತ್ತದೆ. ಮೂಗಿಗೆ ಬಡಿಯುವುದು ಅದು. ಗಿಡದ ಮಟ್ಟಿಗೆ ಇದು ತಿನ್ನಲು ಬಂದ ಹುಳವನ್ನು ಓಡಿಸುವ ಉಪಾಯ.

ಈ ವಾಸನೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಬೆಳ್ಳುಳ್ಳಿ ಸುಲಿದ ಕೈಯನ್ನು ಸಾಬೂನು ಹಾಕಿ ತೊಳೆದರೂ ರಾತ್ರಿ ಊಟಕ್ಕೆ ಕೂತಾಗ ಮತ್ತೆ ಮೂಗಿಗೆ ಬರುತ್ತದೆ, ಅಲ್ವಾ? ಹಾಗಾಗಿ ವಾಸನೆಯ ಪರೀಕ್ಷೆ ನಂಬಲು ಆಗುವುದು ಮೊದಲ ಎಲೆಗೆ ಮಾತ್ರ. ಹತ್ತನೆಯ ಎಲೆಯ ಹೊತ್ತಿಗೆ ನೀವು ಮೂಸುತ್ತಿರುವುದು ನಿಮ್ಮದೇ ಬೆರಳನ್ನು. ಆಗ ನುಗ್ಗೆ ಸೊಪ್ಪು ಉಜ್ಜಿದರೂ ಬೆಳ್ಳುಳ್ಳಿಯೇ. ವಾಸನೆ ಬರಲಿಲ್ಲವೆಂದರೆ ಖಂಡಿತ ಬಿಡಿ, ಬಂತು ಅಂದರೆ ಕಣ್ಣಿನಿಂದ ಮತ್ತೆ ನೋಡಿ. ತೊಟ್ಟು, ನರ, ಅಡಿಭಾಗ, ಈ ಮೂರನ್ನು ಎಲೆ ಎಲೆಗೂ ನೋಡಬೇಕು. ಮುಷ್ಟಿಯಲ್ಲಿ ಹಿಡಿದು ಕತ್ತಿಯಿಂದ ಹೆರೆದು ತಂದರೆ ಇದ್ಯಾವುದೂ ಆಗುವುದಿಲ್ಲ.

ಅದೇ ತರ ಕಾಣುವ ಮೂರು ಗಿಡ

ನನ್ನ ತಂಗಿಯ ಮಗಳ ಸಿಂಕಿನಲ್ಲಿ ಸಿಕ್ಕಿದ್ದು ಲಾರ್ಡ್ಸ್ ಆಂಡ್ ಲೇಡೀಸ್ ಅನ್ನುವ ಗಿಡ. ಶಾಸ್ತ್ರದ ಹೆಸರು ಆರಮ್ ಮ್ಯಾಕುಲೇಟಮ್. ಕೆಸು, ಸುವರ್ಣಗೆಡ್ಡೆಗಳ ಕುಟುಂಬದ್ದೇ! ನನಗೆ ಕೆಸುವಿನ ಮರಿ ಕಂಡದ್ದು ಸುಮ್ನೆ ಅಲ್ಲ. ಬೆಳೆದ ಎಲೆಯ ಬುಡದಲ್ಲಿ ಬಾಣದ ಹಾಗೆ ಎರಡು ಕಿವಿ ಹಿಂದಕ್ಕೆ ಚಾಚಿರುತ್ತವೆ, ಆಗ ಗುರುತು ಸುಲಭ. ಎಳೆಯದಿರುವಾಗ ಕಿವಿ ಇರುವುದಿಲ್ಲ, ಬೆಳ್ಳುಳ್ಳಿ ಸೊಪ್ಪಿನ ಮಧ್ಯದಲ್ಲೇ ತಲೆ ಎತ್ತುತ್ತದೆ. ಇದರ ಒಳಗಿರುವುದು ಸೂಜಿಯಂಥ ಆಕ್ಸಲೇಟ್ ಹರಳುಗಳು. ಸರಿಯಾಗಿ ಬೇಯದ, ಹುಳಿ ಸಾಲದ ಪತ್ರೊಡೆ ತಿಂದಾಗ ಗಂಟಲು ತುರಿಸುತ್ತದಲ್ಲ, ಅದೇ ಹರಳು, ಆದರೆ ತುಂಬಾ ಜೋರು. ಬಾಯಿ ಉರಿದು ನಾಲಗೆ ಊದಿಕೊಳ್ಳಬಹುದು. ಒಂದು ಪುಣ್ಯ ಏನೆಂದರೆ ಉರಿ ಕೂಡಲೇ ಶುರುವಾಗುವುದರಿಂದ ಯಾರೂ ಎರಡನೇ ತುತ್ತು ತಿನ್ನುವುದಿಲ್ಲ.

ಉಳಿದೆರಡು ಹಾಗಲ್ಲ. ಅವು ಬಾಯಲ್ಲಿ ಸುಳಿವು ಕೊಡುವುದಿಲ್ಲ.

ಲಿಲಿ ಆಫ್ ದ ವ್ಯಾಲಿ ನೋಡಲು ಬಹಳ ಚಂದದ ಗಿಡ, ಹೂ ಬಿಳಿ ಗಂಟೆಗಳ ಹಾಗೆ ಒಂದೇ ಬದಿಗೆ ಜೋತಿರುತ್ತದೆ, ಆಮೇಲೆ ಕೆಂಪು ಹಣ್ಣು. ಹೂ ಬಿಡುವ ಮುಂಚೆ ಎಲೆ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಇಲ್ಲಿ ಒಂದೇ ದಂಟಿನಿಂದ ಎರಡು ಎಲೆ, ಒಮ್ಮೊಮ್ಮೆ ಮೂರು, ಒಂದನ್ನೊಂದು ಸುತ್ತಿಕೊಂಡು ಏಳುತ್ತವೆ. ಎಲೆ ಸ್ವಲ್ಪ ಗಟ್ಟಿ, ಅಡಿಭಾಗ ಹೊಳೆಯುತ್ತದೆ. ಇದರ ವಿಷ ಹೃದಯದ ಬಡಿತವನ್ನು ಕೆಡಿಸುತ್ತದೆ. ನಮಗೆ ಇದು ಹೊಸದಲ್ಲ, ಕಣಗಿಲೆಯಲ್ಲಿ ಇರುವುದೂ ಇದೇ ಜಾತಿಯ ವಿಷ. 2024ರ ಮೇ ತಿಂಗಳಲ್ಲಿ ಮಲಬಾರ್ ದೇವಸ್ವಂ ಬೋರ್ಡ್ ಮತ್ತು ತಿರುವಿದಾಂಕೂರು ದೇವಸ್ವಂ ಬೋರ್ಡ್‌ಗಳು ನೈವೇದ್ಯ, ಪ್ರಸಾದಗಳಿಗೆ ಅರಳಿ ಹೂ ಬೇಡ ಅಂದದ್ದು ನೆನಪಿರಬಹುದು. ಕೇರಳದ ಒಬ್ಬ ಯುವತಿಯ ಸಾವಿನ ನಂತರ ಬಂದ ತೀರ್ಮಾನ ಅದು. ಮಲಯಾಳದ ಅರಳಿ ಅಂದರೆ ನಮ್ಮ ಕಣಗಿಲೆ. ಆಗ ಕೆಲವರು ಅರಳಿಕಟ್ಟೆಯ ಅಶ್ವತ್ಥ ಮರ ಅಂದುಕೊಂಡು ಗಾಬರಿಯಾಗಿದ್ದರು! ಹೆಸರು ನಂಬಿದರೆ ಹೀಗೇ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಆಟಮ್ ಕ್ರೋಕಸ್. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಕಡೆಯ ತೇವದ ಹುಲ್ಲುಗಾವಲುಗಳಲ್ಲಿ ಧಾರಾಳ, ಬ್ರಿಟನ್ನಿನ ಕಾಡಿನಲ್ಲಿ ಅಪರೂಪ. ಹೂ ಬಿಡುವುದು ಶರತ್ಕಾಲದಲ್ಲಿ, ಆಗ ಎಲೆಯೇ ಇರುವುದಿಲ್ಲ. ಎಲೆ ಬರುವುದು ವಸಂತದಲ್ಲಿ, ಆಗ ಹೂ ಇರುವುದಿಲ್ಲ. ಹಾಗಾಗಿ ಎಲೆಯನ್ನು ನೋಡಿದವರಿಗೆ ಅದು ಯಾವ ಹೂವಿನದ್ದು ಅಂತ ಹೊಳೆಯುವುದೇ ಇಲ್ಲ. ಗುರುತು ಏನೆಂದರೆ ತೊಟ್ಟಿಲ್ಲ. ಹಲವು ಎಲೆಗಳು ಬುಡದಿಂದ ಒಟ್ಟಿಗೆ ಕಟ್ಟು ಕಟ್ಟಾಗಿ ಏಳುತ್ತವೆ. ಬೆಳ್ಳುಳ್ಳಿ ಸೊಪ್ಪೆಂದು ಇದನ್ನು ತಿಂದು ಸತ್ತವರು ಯುರೋಪಿನಲ್ಲಿ ಇದ್ದಾರೆ.

ಇದರ ವಿಷದ ಹೆಸರು ಕಾಲ್ಚಿಸಿನ್. ಗೌಟ್ ಅನ್ನುವ ಗಂಟುನೋವಿಗೆ ಡಾಕ್ಟರು 0.5 ಮಿಲಿಗ್ರಾಂ ಮಾತ್ರೆಯಾಗಿ ಕೊಡುವುದೂ ಇದನ್ನೇ. ಪ್ರಮಾಣ ಮೀರಿದರೆ ಕಥೆ ಬೇರೆ. ನಮ್ಮ ದೇಹದ ಕೋಶ ಒಂದು ಎರಡಾಗುವಾಗ ಒಳಗಿನ ಸಾಮಾನನ್ನು ಸಮವಾಗಿ ಪಾಲು ಮಾಡಿ ಆಚೆ ಈಚೆ ಎಳೆಯುವ ಸಣ್ಣ ಸಣ್ಣ ನೂಲುಗಳಿವೆ. ಕಾಲ್ಚಿಸಿನ್ ಆ ನೂಲು ಹೆಣೆಯಲು ಬಿಡುವುದಿಲ್ಲ. ಪಾಲಾಗುವ ಕೆಲಸ ಅಲ್ಲಿಗೇ ನಿಲ್ಲುತ್ತದೆ. ದಿನಾ ಹೊಸ ಕೋಶ ಬೇಕಾಗುವ ಜಾಗಗಳು, ಅಂದರೆ ಕರುಳಿನ ಒಳಪದರ, ಎಲುಬಿನ ಮಜ್ಜೆ, ಮೊದಲು ಕೆಡುತ್ತವೆ. ತಿಂದು ಹಲವು ಗಂಟೆ ಏನೂ ಆಗುವುದಿಲ್ಲ, ಆಮೇಲೆ ವಾಂತಿ-ಭೇದಿ, ಒಂದೆರಡು ದಿನದಲ್ಲಿ ಒಂದೊಂದೇ ಅಂಗ ಸೋಲಲು ಶುರು. ಆಸ್ಪತ್ರೆಗಳಲ್ಲಿ ಸುಲಭಕ್ಕೆ ಸಿಗುವ ಪ್ರತಿವಿಷ ಇದಕ್ಕಿಲ್ಲ.

ಬೇಯಿಸಿದರೆ ವಿಷ ಹೋಗುವುದಿಲ್ವಾ?

ನಮ್ಮವರಿಗೆ ಈ ಪ್ರಶ್ನೆ ಸಹಜ. ಕಣಿಲೆಯನ್ನು, ಅಂದರೆ ಎಳೆ ಬಿದಿರಿನ ಮೊಳಕೆಯನ್ನು ಹೆಚ್ಚಿ, ನೀರು ಬದಲಾಯಿಸುತ್ತಾ ದಿನಗಟ್ಟಲೆ ನೆನೆಸಿ ತಿನ್ನುತ್ತೇವೆ. ಕೆಸುವಿಗೆ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುತ್ತೇವೆ. ಅಜ್ಜಿಯಂದಿರು ಕಲಿಸಿದ ಈ ಉಪಾಯಗಳು ಆಯಾ ಗಿಡಕ್ಕೆ ಸರಿ. ಕಣಿಲೆಯ ವಿಷ ನೀರಿಗೆ, ಬಿಸಿಗೆ ಬಿಟ್ಟುಹೋಗುವಂಥದ್ದು. ಕಾಲ್ಚಿಸಿನ್ ಹಾಗಲ್ಲ, ಕುದಿಸಿದರೂ ಒಣಗಿಸಿದರೂ ಇರುತ್ತದೆ. ಲಿಲಿಯ ವಿಷವೂ ಅಡಿಗೆಯಲ್ಲಿ ಹೋಗುತ್ತದೆ ಅಂತ ನಂಬುವಂತಿಲ್ಲ.

ಇನ್ನೊಂದು ತಮಾಷೆಯ ತೊಂದರೆ: ಬೇಯಿಸಿದರೆ ಹೋಗುವುದು ಬೆಳ್ಳುಳ್ಳಿಯ ವಾಸನೆ! ಆಮೇಲೆ ಪಾತ್ರೆಯಲ್ಲಿ ಏನು ಬಿದ್ದಿತ್ತು ಅಂತ ಹುಡುಕಲು ಅದೂ ಇರುವುದಿಲ್ಲ.

ನಮ್ಮ ಗುಡ್ಡೆಯಲ್ಲಿ ಸಿಗ್ತದಾ?

ಇಲ್ಲ. ಅದು ಯುರೋಪಿನ ಮತ್ತು ಅದರ ಆಸುಪಾಸಿನ ತಂಪು ಕಾಡಿನ ಗಿಡ. ಮಂಜೇಶ್ವರದಿಂದ ಚಂದ್ರಗಿರಿಯವರೆಗೆ ಹುಡುಕಿದರೂ ಸಿಗದು.

ಸಿಗುವುದು ಬೇರೆ. ಮಳೆ ಬಿದ್ದ ಮೇಲೆ ಪದವಿನಲ್ಲಿ, ಗುಡ್ಡೆಯಲ್ಲಿ ಕಾಣುವ ಕಾಡು ಈರುಳ್ಳಿ ಹೆಸರಿಗೆ ಈರುಳ್ಳಿ, ಗೆಡ್ಡೆಯೂ ಪದರ ಪದರವಾಗಿ ಈರುಳ್ಳಿಯ ಹಾಗೇ. ಆದರೆ ಅದರಲ್ಲಿರುವುದು ಕಣಗಿಲೆಯ ಹಾಗೆ ಹೃದಯಕ್ಕೆ ಬಡಿಯುವ ವಿಷ. ವಿಡಿಯೋ ನೋಡಿದ ಉತ್ಸಾಹದಲ್ಲಿ ಯಾರಾದರೂ ಅಗೆದು ತಂದಾರು ಅನ್ನುವುದೇ ನನ್ನ ಹೆದರಿಕೆ.

ಬೇಲಿಯ ಮೇಲೆ ಹಬ್ಬಿ, ಎಲೆಯ ತುದಿಯನ್ನೇ ಸುರುಳಿ ಮಾಡಿ ಹಿಡಿದುಕೊಂಡು ಏರುವ, ಕೆಂಪು-ಹಳದಿ ಬೆಂಕಿಯಂಥ ಹೂವಿನ ಬಳ್ಳಿ ನೋಡಿದ್ದೀರಲ್ಲ? ನಮಗೆ ಗೌರಿ ಹೂ ಅಥವಾ ಅಗ್ನಿಶಿಖೆ, ಮಲಯಾಳದಲ್ಲಿ ಮೇಂದೋನ್ನಿ, ತಮಿಳುನಾಡಿಗೆ ರಾಜ್ಯದ ಹೂವೇ ಅದು. ಅದರ ಗೆಡ್ಡೆಯಲ್ಲಿ ತುಂಬಿರುವುದು ಕಾಲ್ಚಿಸಿನ್. ಜರ್ಮನಿಯ ಹುಲ್ಲುಗಾವಲಿನ ವಿಷ ನಮ್ಮ ಬೇಲಿಯಲ್ಲೂ ಉಂಟು ಅಂತಾಯ್ತು. ಗೆಣಸೆಂದು ತಿಳಿದು ತಿಂದವರಿದ್ದಾರೆ.

ಇನ್ನು ಅಂಗಳದಲ್ಲಿ ನೇರಳೆ ಹೂವಿಗಾಗಿ ಬೆಳೆಸುವ ಬೆಳ್ಳುಳ್ಳಿ ಬಳ್ಳಿ. ಎಲೆ ಉಜ್ಜಿದರೆ ಅಚ್ಚ ಬೆಳ್ಳುಳ್ಳಿ ವಾಸನೆ, ಆದರೆ ಬೆಳ್ಳುಳ್ಳಿಗೂ ಅದಕ್ಕೂ ಸಂಬಂಧವೇ ಇಲ್ಲ. ದಕ್ಷಿಣ ಅಮೆರಿಕದಿಂದ ಬಂದ ಅಲಂಕಾರದ ಬಳ್ಳಿ ಅದು.

ಮಳೆಗಾಲದ ಆಟಿ ತಿಂಗಳಲ್ಲಿ ತಗಟೆ ಸೊಪ್ಪು, ಒಂದೆಲಗ, ಕೆಸು ಕೊಯ್ಯುವವರಿಗೆ ಇದೆಲ್ಲ ಹೊಸ ಪಾಠವೇನಲ್ಲ. ಅವರು ತರುವುದು ತಮ್ಮ ಅಮ್ಮ ತೋರಿಸಿದ ಜಾಗದಿಂದ, ಹತ್ತಾರು ಮಳೆಗಾಲ ನೋಡಿದ ಗಿಡವನ್ನು. ತೊಂದರೆ ಬರುವುದು ಗಿಡವನ್ನು ಮೊಬೈಲಿನಲ್ಲಿ ಮಾತ್ರ ನೋಡಿದಾಗ. ಫೋಟೋ ಹಾಕಿದರೆ ಹೆಸರು ಹೇಳುವ ಆ್ಯಪ್‌ಗಳು ಇವೆ, ಕಲಿಯಲು ಒಳ್ಳೆಯದು, ತಿನ್ನುವ ನಿರ್ಧಾರಕ್ಕೆ ಸಾಲದು. ಅಲ್ಲಿರುವ ಮಕ್ಕಳಿಗೆ ನಾನು ಹೇಳುವುದಿಷ್ಟೇ: ಮೊದಲ ವರ್ಷ ಗಿಡ ಗೊತ್ತಿರುವ ಯಾರದಾದರೂ ಜೊತೆ ಹೋಗಿ.

ಎಷ್ಟು ಕೊಯ್ಯಬಹುದು, ಎಲ್ಲಿ ಕೊಯ್ಯಬಾರದು

ಆ ಅವಸರದ ವಿಷಯ ಹೇಳಿದ್ದೆನಲ್ಲ. ಈ ಗಿಡಕ್ಕೆ ವರ್ಷದ ಸಂಪಾದನೆಗೆ ಸಿಗುವುದು ಕೆಲವೇ ವಾರ, ಸಂಪಾದಿಸುವುದು ಎಲೆ. ಒಂದು ಬುಡದ ಎಲ್ಲ ಎಲೆ ಕಿತ್ತರೆ ಗೆಡ್ಡೆಗೆ ಊಟವಿಲ್ಲ, ಮುಂದಿನ ವರ್ಷ ಸೊರಗುತ್ತದೆ. ಒಂದು ಗಿಡಕ್ಕೆ ಒಂದು ಎಲೆ ಅಂತ ಇಟ್ಟುಕೊಂಡರೆ ಕಾಡಿಗೂ ತೊಂದರೆಯಿಲ್ಲ, ಒಂದೊಂದೇ ನೋಡಿ ಕೊಯ್ಯುವ ಅಭ್ಯಾಸವೂ ತಾನಾಗಿ ಬರುತ್ತದೆ. ಗೆಡ್ಡೆ ಅಗೆದರೆ ಗಿಡವೇ ಹೋಯಿತು. ಇದರ ಬೀಜವನ್ನು ಇರುವೆಗಳು ಸ್ವಲ್ಪ ದೂರ ಒಯ್ಯುತ್ತವೆ, ಅಷ್ಟೇ. ಮೊಳೆತ ಬೀಜ ಹೂಬಿಡುವ ಗಿಡವಾಗಲು ಹಲವು ವರ್ಷ ಬೇಕು. ಈಗ ಚಾಪೆಯ ಹಾಗೆ ಹಾಸಿರುವುದು ಎಷ್ಟೋ ಕಾಲದ ಬೆಳವಣಿಗೆ. ಅದರ ಮೇಲೆ ನಡೆದಾಡಿ ತುಳಿದರೂ ಹಾಳೇ, ಅಂಚಿನಲ್ಲಿ ನಿಂತು ಕೈಚಾಚಿದಷ್ಟೇ ಸಾಕು.

ಜಾಸ್ತಿ ಕಿತ್ತರೆ ಏನಾಗುತ್ತದೆ ಅನ್ನುವುದಕ್ಕೆ ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನು ನೋಡಬೇಕು. ಅಲ್ಲಿ ಇದರ ದಾಯಾದಿ ಗಿಡವೊಂದನ್ನು ಗೆಡ್ಡೆ ಸಮೇತ ಕಿತ್ತು ಮಾರಿ ಮಾರಿ, 1995ರಲ್ಲಿ ಮಾರಾಟವನ್ನೇ ನಿಷೇಧಿಸಬೇಕಾಯಿತು. ಸ್ವಂತಕ್ಕೆ ವರ್ಷಕ್ಕೆ ಒಬ್ಬರಿಗೆ 50 ಗೆಡ್ಡೆ, ಅಷ್ಟೇ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ 1968ರ ಕಳ್ಳತನದ ಕಾಯ್ದೆಯ ಪ್ರಕಾರ ತಾನಾಗಿ ಬೆಳೆದ ಗಿಡದ ಎಲೆ, ಹೂ, ಹಣ್ಣನ್ನು ಮನೆ ಬಳಕೆಗೆ ಕೊಯ್ದರೆ ಕಳ್ಳತನವಲ್ಲ, ಮಾರಲು ಕೊಯ್ದರೆ ಕಳ್ಳತನ. 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಜಾಗದ ಯಜಮಾನರ ಒಪ್ಪಿಗೆಯಿಲ್ಲದೆ ಯಾವ ಕಾಡುಗಿಡವನ್ನೂ ಬೇರು ಸಮೇತ ಕೀಳುವಂತಿಲ್ಲ. ಜರ್ಮನಿಯಲ್ಲಿ ಕೈಯಲ್ಲಿ ಹಿಡಿಯುವ ಹೂಗುಚ್ಛದಷ್ಟು ಅನ್ನುವ ಲೆಕ್ಕ. ಸಂರಕ್ಷಿತ ಜಾಗಗಳ ನಿಯಮ ಇನ್ನೂ ಬಿಗಿ, ಬೋರ್ಡು ಓದಿಕೊಳ್ಳಬೇಕು. ನಮ್ಮಲ್ಲೂ ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ತರುವಂತಿಲ್ಲ.

ದಾರಿಯ ಅಂಚಿನದ್ದು ಬೇಡ, ನಾಯಿಗಳನ್ನು ವಾಕಿಂಗ್ ಕರೆತರುವ ಜಾಗ ಅದು, ಬಿಡಿಸಿ ಹೇಳಬೇಕಾಗಿಲ್ಲ. ಔಷಧ ಹೊಡೆಯುವ ಹೊಲದ ಪಕ್ಕದ್ದೂ ಬೇಡ. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಊರಿನವರು ನಾವು, ಇದಕ್ಕೆ ಕಾರಣ ಕೇಳುವುದಿಲ್ಲ.

ತಿಂದ ಮೇಲೆ ಅನುಮಾನ ಬಂದರೆ

ಕಾಯಬೇಡಿ. ಹೊಟ್ಟೆನೋವು ಬರಲಿ ಆಮೇಲೆ ನೋಡೋಣ ಅನ್ನುವುದೇ ತಪ್ಪು, ಯಾಕೆಂದರೆ ಕಾಲ್ಚಿಸಿನ್ ಹಲವು ಗಂಟೆ ಸುಮ್ಮನಿರುತ್ತದೆ. ಬೆರಳು ಹಾಕಿ ವಾಂತಿ ಮಾಡಿಸುವುದು, ಮಜ್ಜಿಗೆ ಕುಡಿಸುವುದು, ಇವುಗಳಲ್ಲಿ ಹೊತ್ತು ಕಳೆಯಬೇಡಿ. ಬ್ರಿಟನ್ನಿನಲ್ಲಿ ಸಲಹೆಗೆ 111, ಸ್ಥಿತಿ ಕೆಟ್ಟರೆ 999. ಜರ್ಮನಿಯಲ್ಲಿ 112. ಇಲ್ಲಿ 108 ಅಥವಾ 112. ಉಳಿದ ಸೊಪ್ಪು, ಪಾತ್ರೆಯಲ್ಲಿ ಉಳಿದ ಅಡಿಗೆ, ವಾಂತಿಯಾಗಿದ್ದರೆ ಅದನ್ನೂ, ಜೊತೆಗೆ ಒಯ್ಯಿರಿ. ಎಲೆ ನೋಡಿದರೆ ಯಾವ ವಿಷ ಅಂತ ಡಾಕ್ಟರಿಗೆ ಬೇಗ ತಿಳಿಯುತ್ತದೆ. ಎಷ್ಟು ಹೊತ್ತಿಗೆ ತಿಂದದ್ದು ಅಂತ ಚೀಟಿಯಲ್ಲಿ ಬರೆದುಕೊಳ್ಳಿ, ಗಾಬರಿಯಲ್ಲಿ ಮರೆತುಹೋಗುತ್ತದೆ.

ಮನೆಗೆ ತಂದ ಮೇಲೆ

ಮತ್ತೊಮ್ಮೆ ಆರಿಸಿ, ಒಂದೊಂದೇ. ಚೆನ್ನಾಗಿ ತೊಳೆಯಿರಿ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ನಲ್ಲಿ ನರಿಗಳ ಮೂಲಕ ಹರಡುವ ಒಂದು ಲಾಡಿಹುಳದ ಮೊಟ್ಟೆ ನೆಲದ ಸೊಪ್ಪಿನ ಮೇಲೆ ಇರಬಹುದು. ಅಪರೂಪ, ಆದರೆ ಬಂದರೆ ಪಿತ್ತಜನಕಾಂಗಕ್ಕೆ ಕೂರುವ ಕಾಯಿಲೆ. ಚೆನ್ನಾಗಿ ಬೇಯಿಸಿದರೆ ಮೊಟ್ಟೆ ಸಾಯುತ್ತದೆ, ಮನೆಯ ಫ್ರೀಜರ್‌ನ ಚಳಿಗೆ ಸಾಯುವುದಿಲ್ಲ. ಬ್ರಿಟನ್ನಿನಲ್ಲಿ ಆ ಹುಳ ಇಲ್ಲ.

ಅಲ್ಲಿನವರು ಇದನ್ನು ಎಣ್ಣೆಯಲ್ಲಿ ರುಬ್ಬಿ ಬಾಟಲಿಗೆ ತುಂಬುತ್ತಾರೆ. ಇಲ್ಲಿ ನಮ್ಮವರು ಎಡವುವ ಸಾಧ್ಯತೆ ಜಾಸ್ತಿ, ಉಪ್ಪಿನಕಾಯಿಯ ಮೇಲೆ ಎಣ್ಣೆ ನಿಂತರೆ ಕೆಡುವುದಿಲ್ಲ ಅನ್ನುವುದು ನಮ್ಮ ತಲೆಯಲ್ಲಿದೆಯಲ್ಲ. ಉಪ್ಪಿನಕಾಯಿಯನ್ನು ಕಾಯುವುದು ಉಪ್ಪು ಮತ್ತು ಹುಳಿ, ಎಣ್ಣೆ ಒಂದೇ ಅಲ್ಲ. ಉಪ್ಪು-ಹುಳಿ ಇಲ್ಲದ ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟರೆ, ಗಾಳಿ ಇಲ್ಲದ ಆ ಜಾಗದಲ್ಲಿ ಮಣ್ಣಿನಿಂದ ಬಂದ ಬೊಟುಲಿನಮ್ ಬ್ಯಾಕ್ಟೀರಿಯಾ ಬೆಳೆದು ನರಗಳನ್ನೇ ಕಟ್ಟಿಹಾಕುವ ವಿಷ ಮಾಡಬಹುದು. ಅದಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಫ್ರಿಡ್ಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ, ಇಲ್ಲವಾದರೆ ಫ್ರೀಜರ್‌ಗೆ ಹಾಕಿ.

ಆ ದಿನ ಅವಳು ಸಿಂಕಿನ ಸೊಪ್ಪನ್ನೆಲ್ಲ ಪೇಪರಿನ ಮೇಲೆ ಹರಡಿ, ಫೋನ್ ಮಸಾಲೆ ಡಬ್ಬಕ್ಕೆ ಒರಗಿಸಿಟ್ಟು, ಮುಕ್ಕಾಲು ಗಂಟೆ ಆರಿಸಿದಳು. ಬೇರೆ ಎಲೆ ಒಟ್ಟು ಮೂರು ಸಿಕ್ಕಿತು. ಅವನ್ನು ಕಸಕ್ಕೆ ಹಾಕಿ ಕೈ ತೊಳೆದು, ಉಳಿದದ್ದರಲ್ಲಿ ಒಂದು ಹಿಡಿ ತೆಗೆದು ತೆಂಗಿನಕಾಯಿ, ಜೀರಿಗೆ, ಎರಡು ಕಾಳುಮೆಣಸಿನ ಜೊತೆ ರುಬ್ಬಿ ಮಜ್ಜಿಗೆಗೆ ಸೇರಿಸಿದಳು. ರಾತ್ರಿ ಮೆಸೇಜ್ ಬಂತು: "ತಂಬುಳಿ ಖಾರ ಆಯ್ತು ದೊಡ್ಡಮ್ಮ, ನಾಲ್ಕೇ ಎಲೆ ಸಾಕಿತ್ತು."